ಮಕ್ಕಳ ಚಿತ್ರಗಳ ಏಲಂ: ಬದಿಯಡ್ಕ ಕಡೆ ಯಾರಾದ್ರೂ ಮಾಡಿ ನೋಡಿದ್ದೀರಾ?

ಬಣ್ಣದ ಡಬ್ಬಿ
ಎಲ್ಲರಿಗೂ ನಮಸ್ಕಾರ. ನಾನು ಪ್ಲಸ್ ಒನ್ (ಹನ್ನೊಂದನೇ ಕ್ಲಾಸ್) ಓದುತ್ತಿದ್ದೇನೆ. ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ. ನಮ್ಮೂರ ವಾಚನಾಲಯದಲ್ಲಿ ಭಾನುವಾರ ನಾವು ಹದಿನಾಲ್ಕು ಮಕ್ಕಳು ಚಿತ್ರ ಬಿಡಿಸಲಿಕ್ಕೆ ಸೇರುತ್ತೇವೆ. ಎಂಟನೇ ಕ್ಲಾಸಿನಿಂದ ಪ್ಲಸ್ ಟೂವರೆಗಿನವರು.

ಕ್ರಿಸ್ಮಸ್ ರಜೆಯಲ್ಲಿ ಈ ಚಿತ್ರಗಳನ್ನು ಏಲಂ ಹಾಕಿ, ಬಂದ ದುಡ್ಡಿನಲ್ಲಿ ಪಂಚಾಯತಿನ ಪಾಲಿಯೇಟಿವ್ ಘಟಕಕ್ಕೆ (ಹಾಸಿಗೆ ಹಿಡಿದವರ ಆರೈಕೆ ಮಾಡುವವರು) ಒಂದು ಆಕ್ಸಿಜನ್ ಕಾನ್ಸಂಟ್ರೇಟರ್, ಅಂದ್ರೆ ಉಸಿರಾಟಕ್ಕೆ ಆಮ್ಲಜನಕ ಕೊಡುವ ಮಿಷನ್, ಕೊಡಿಸಬೇಕು ಅಂತ ಇದೆ. ಅಂಗಡಿಯಲ್ಲಿ 48,000 ಅಂದರು. ಹೋದ ವರ್ಷ ನನ್ನ ಅಜ್ಜಿ ಹಾಸಿಗೆ ಹಿಡಿದಿದ್ದಾಗ ಪಾಲಿಯೇಟಿವ್‌ನ ನರ್ಸಕ್ಕ ವಾರಕ್ಕೊಮ್ಮೆ ಬರುತ್ತಿದ್ದರು. ಅದಕ್ಕೇ ಈ ಯೋಚನೆ.

ನಮಗೆ ಗೊತ್ತಿಲ್ಲದ್ದು: ಚಿತ್ರಕ್ಕೆ ಎಷ್ಟು ರೇಟು ಇಡುವುದು? ನಮ್ಮೂರಲ್ಲಿ ಚಿತ್ರಕ್ಕೆ ಏಲಂ ಕೂಗುವವರು ಇದ್ದಾರಾ?

ಪೆರ್ಲದ ಮುಟ್ಟಾಳೆ
ತಂಗೀ, ಬೇಜಾರು ಮಾಡಬೇಡ. ನಮ್ಮ ಕಡೆ ಏಲಂ ಅಂದ್ರೆ ಬಾಳೆಗೊನೆ, ಚೀನಿಕಾಯಿ, ಶಾರದೋತ್ಸವದ ಸೀರೆ. ಹಲಸಿನ ಹಣ್ಣಿಗೆ ಎರಡು ಸಾವಿರ ಕೂಗಿದವನು ಮನೆಗೆ ಹೋಗಿ ಹೆಂಡತಿಯಿಂದ ಬೈಸಿಕೊಂಡರೂ ಹಣ್ಣನ್ನಾದರೂ ತಿನ್ನುತ್ತಾನೆ. ಚಿತ್ರ ತಗೊಂಡು ಎಂತ ಮಾಡುವುದು? ಗೋಡೆಯಲ್ಲಿ ಕ್ಯಾಲೆಂಡರಿಗೇ ಜಾಗ ಇಲ್ಲ.

ಮುಳ್ಳೇರಿಯ ಬಸ್ಸು
ಮುಟ್ಟಾಳೆ ಅಣ್ಣ ಮೊದಲ ಕಮೆಂಟಿಗೇ ಮಗುವಿನ ಉತ್ಸಾಹಕ್ಕೆ ನೀರು ಸುರಿದ್ರಲ್ಲ 😀

ಪೆರ್ಲದ ಮುಟ್ಟಾಳೆ
ನೀರಲ್ಲ ಮಾರಾಯ, ಇದ್ದದ್ದು ಹೇಳಿದೆ. ಗೊನೆಯ ಬೆಲೆ ಎಲ್ಲರಿಗೂ ಗೊತ್ತುಂಟು. ಅಂಗಡಿಯಲ್ಲಿ ನಾನೂರು ಅಂತ ಗೊತ್ತಿರುವುದಕ್ಕೇ ಏಲಂನಲ್ಲಿ ಸಾವಿರ ಕೂಗಿದಾಗ ‘ಓ, ಆರುನೂರು ದೇವರಿಗೆ ಕೊಟ್ಟ’ ಅಂತ ಜನಕ್ಕೆ ಅರ್ಥ ಆಗುವುದು. ಚಿತ್ರದ್ದು ಅಂಗಡಿ ರೇಟು ಎಷ್ಟು? ಗೊತ್ತಿಲ್ಲ. ಕಮ್ಮಿ ಕೂಗಿದ್ರೆ ಮರ್ಯಾದೆ ಹೋಗ್ತದೆ, ಜಾಸ್ತಿ ಕೂಗಿದ್ರೆ ಹುಚ್ಚ ಅಂತಾರೆ. ಹಾಗಾಗಿ ಜನ ಬಾಯಿ ಬಿಡುವುದಿಲ್ಲ.

ಡ್ರಾಯಿಂಗ್ ಮಾಷ್ಟ್ರು
ಮುಟ್ಟಾಳೆಯವರು ತಮಾಷೆಗೆ ಹೇಳಿದರೂ ಮಾತು ಸರಿ ಇದೆ. ನಾನು ಇಪ್ಪತ್ತೆಂಟು ವರ್ಷ ಶಾಲೆಯಲ್ಲಿ ಚಿತ್ರ ಕಲಿಸಿ ನಿವೃತ್ತನಾದವನು. ಒಂದು ಘಟನೆ ಹೇಳುತ್ತೇನೆ. ಊರಿನ ಹೆಸರು ಬೇಡ.

ಒಂದು ಕ್ಲಬ್ಬಿನ ವಾರ್ಷಿಕೋತ್ಸವ. ಮಕ್ಕಳ ಚಿತ್ರ ಏಲಂ ಹಾಕುತ್ತೇವೆ ಅಂತ ಹತ್ತು ಮಕ್ಕಳನ್ನು ಸ್ಟೇಜಿನ ಮೇಲೆ ನಿಲ್ಲಿಸಿದರು. ಒಬ್ಬೊಬ್ಬರ ಕೈಯಲ್ಲೂ ಅವರವರ ಚಿತ್ರ. ಮೊದಲನೆಯವಳು ಊರಿನ ಡಾಕ್ಟರ ಮಗಳು. ಐದು ಸಾವಿರಕ್ಕೆ ಹೋಯಿತು. ನಾಲ್ಕನೆಯವನು ಬೀಡಿ ಕಟ್ಟುವವರ ಮನೆಯ ಹುಡುಗ. ನನ್ನ ಲೆಕ್ಕದಲ್ಲಿ ಅವತ್ತಿನ ಒಳ್ಳೆಯ ಚಿತ್ರ ಅವನದ್ದೇ. ಗದ್ದೆಯಲ್ಲಿ ನೀರು ನಿಂತದ್ದನ್ನು ಪೆನ್ಸಿಲ್‌ನಲ್ಲಿ ತೋರಿಸಿದ್ದ. ಮೈಕ್‌ನವರು ‘ಇನ್ನೂರು, ಇನ್ನೂರು’ ಅಂತ ಕೂಗಿದ್ದೇ ಬಂತು, ಒಂದು ಕೈ ಮೇಲೇಳಲಿಲ್ಲ. ಕೊನೆಗೆ ಅಧ್ಯಕ್ಷರು ಅಯ್ಯೋ ಪಾಪ ಅಂತ ಮುನ್ನೂರು ಕೊಟ್ಟರು. ಹುಡುಗ ಆ ಚಿತ್ರ ಟೇಬಲ್ ಮೇಲೆ ಮಗುಚಿ ಇಟ್ಟು ಇಳಿದು ಹೋದ. ಮತ್ತೆ ನನ್ನ ಕ್ಲಾಸಿಗೆ ಕೂತರೂ ಏನೂ ಬಿಡಿಸುತ್ತಿರಲಿಲ್ಲ.

ಅದಕ್ಕೆ ನನ್ನದು ಒಂದೇ ಮಾತು. ಮಗುವನ್ನು ಚಿತ್ರದ ಪಕ್ಕ ನಿಲ್ಲಿಸಬೇಡಿ. ಹೆಸರನ್ನೂ ಹಾಕಬೇಡಿ. ಚಿತ್ರಕ್ಕೆ ನಂಬರು ಕೊಡಿ. ಹೆಸರು ಹಿಂದುಗಡೆ ಇರಲಿ, ಕೊಂಡವರಿಗೆ ಆಮೇಲೆ ಗೊತ್ತಾಗಲಿ.

ಕುಂಬಳೆ ಟೀಚರ್
ಮಾಷ್ಟ್ರೇ, ಓದಿ ಹೊಟ್ಟೆಯಲ್ಲಿ ಒಂಥರಾ ಆಯಿತು. ಕೂಗುವ ಏಲಂ ಬೇಡವೇ ಬೇಡ ಅಂತ ನನಗೂ ಅನಿಸುತ್ತದೆ. ಚೀಟಿ ಏಲಂ ಮಾಡಬಹುದಲ್ವಾ? ಪ್ರತಿ ಚಿತ್ರದ ಕೆಳಗೆ ಒಂದು ಹಾಳೆ. ಬಂದವರಿಗೆ ಒಳಗೆ ಬರುವಾಗಲೇ ಟೋಕನ್ ನಂಬರು. ಬೇಕಾದ ಚಿತ್ರದ ಹಾಳೆಯಲ್ಲಿ ತಮ್ಮ ಟೋಕನ್ ನಂಬರು, ಮೊತ್ತ ಬರೆದು ಹೋಗುವುದು. ಇನ್ನೊಬ್ಬರು ಅದರ ಮೇಲೆ ಕನಿಷ್ಠ ನೂರು ಏರಿಸಿ ಬರೆಯಬೇಕು. ಐದೂವರೆಗೆ ಬೆಲ್, ಕೊನೆಯ ಸಾಲಿನಲ್ಲಿ ಇರುವವರಿಗೆ ಚಿತ್ರ. ನಾಚಿಕೆಯವರೂ ಬರೆಯುತ್ತಾರೆ. ಯಾರಿಗೆ ಎಷ್ಟು ಬಂತು ಅಂತ ಮೈಕ್‌ನಲ್ಲಿ ಸಾರುವವರಿಲ್ಲ.

ಮುಳ್ಳೇರಿಯ ಬಸ್ಸು
ಬಾಯಿಲ್ಲದ ಏಲಂ! ನಮ್ಮವರು ಕೂಗದೆ ದುಡ್ಡು ಕೊಟ್ಟ ಚರಿತ್ರೆ ಇಲ್ಲ ಟೀಚರ್. ಕೂಗಿದ್ದು ನಾಲ್ಕು ಜನಕ್ಕೆ ಕೇಳಬೇಕು, ಅದಕ್ಕೇ ಕೊಡುವುದು.

ಬಣ್ಣದ ಡಬ್ಬಿ
ಎರಡೂ ಸೇರಿಸಿದ್ರೆ? ಜಾಸ್ತಿ ಚಿತ್ರಗಳು ಚೀಟಿಯಲ್ಲಿ, ಐದಾರು ಮಾತ್ರ ಕೂಗಿ. ಕೂಗುವುದಕ್ಕೆ ಒಪ್ಪಿದ ಮಕ್ಕಳದ್ದು ಮಾತ್ರ.

ಡ್ರಾಯಿಂಗ್ ಮಾಷ್ಟ್ರು
ಅದು ಆದೀತು. ಆದರೆ ಆ ಆರನ್ನು ಆರಿಸುವುದು ‘ಚಂದ’ ನೋಡಿ ಅಲ್ಲ, ಯಾವುದಕ್ಕೆ ಊರಿನವರು ನಾಲಿಗೆ ತೆರೆಯುತ್ತಾರೆ ಅಂತ ನೋಡಿ. ಮತ್ತೊಂದು, ಬೇಕಲ ಕೋಟೆ ಬಿಡಿಸಲಿಕ್ಕೆ ಹೊರಡುವ ಮಕ್ಕಳನ್ನು ತಡೆಯಿರಿ. ಹದಿನಾಲ್ಕು ಮಕ್ಕಳಲ್ಲಿ ಹತ್ತು ಮಂದಿ ಶಿವಪ್ಪ ನಾಯಕನ ಕೋಟೆಯ ಅದೇ ಬುರುಜು, ಅದೇ ಸೂರ್ಯಾಸ್ತ ಬಿಡಿಸುತ್ತಾರೆ. ಗೂಗಲ್‌ನಲ್ಲಿ ಮೊದಲು ಬರುವ ಫೋಟೋ ಯಾವುದೋ ಅದೇ.

ವಕೀಲರ ಗುಮಾಸ್ತ
ಗೂಗಲ್ ಫೋಟೋ ಅಂದದ್ದಕ್ಕೆ ಹೇಳುತ್ತೇನೆ. ಬೇರೆಯವರ ಫೋಟೋ, ಚಿತ್ರ ನೋಡಿ ಹಾಗೇ ನಕಲು ಮಾಡಿ ಮಾರುವುದು ಬೇಡ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಚಿತ್ರಕಾರ ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ರವಿವರ್ಮ 1906ರಲ್ಲಿ ತೀರಿಕೊಂಡದ್ದು. ಅವರದ್ದನ್ನು ‘ನಕಲು’ ಅಂತ ಬರೆದು ಮಾರಿದ್ರೆ ತೊಂದರೆ ಇಲ್ಲ. ನಮ್ಮ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ತೀರಿಕೊಂಡದ್ದು 1996ರಲ್ಲಿ. ಅವರ ಚಿತ್ರ 2056 ಮುಗಿಯುವವರೆಗೆ ಮುಟ್ಟುವ ಹಾಗಿಲ್ಲ.

ಇದೇ ಕಾನೂನು ನಿಮ್ಮ ಮಕ್ಕಳಿಗೂ ಉಂಟು. ಚಿತ್ರ ಕೊಂಡವರಿಗೆ ಆ ಕಾಗದ ಸೇರಿತು ಅಷ್ಟೆ. ಅದನ್ನು ಅಂಗಡಿಯ ಕ್ಯಾಲೆಂಡರಿಗೆ ಪ್ರಿಂಟ್ ಮಾಡಬೇಕಾದ್ರೆ ಬಿಡಿಸಿದ ಮಗುವಿನ ಮನೆಯವರ ಒಪ್ಪಿಗೆ ಬೇಕು. ರಶೀದಿಯ ಹಿಂದೆ ಒಂದು ಸಾಲು ಬರೆದುಬಿಡಿ.

ಪೆರ್ಲದ ಮುಟ್ಟಾಳೆ
ಕಾನೂನು ಬಂತಲ್ಲ, ನನ್ನದೊಂದು ಐಡಿಯಾ. ಕೂಗುವಾಗ ನಮ್ಮವರೇ ಇಬ್ಬರನ್ನು ನಡುವೆ ಕೂರಿಸಿ. ಅವರು ಏರಿಸುತ್ತಾ ಹೋಗಲಿ. ಗಲ್ಫಿನಿಂದ ಬಂದವರಿಗೆ ಹುರುಪು ಬರ್ತದೆ.

ವಕೀಲರ ಗುಮಾಸ್ತ
ಅದು ಮಾತ್ರ ಬೇಡ ಅಣ್ಣ. 1930ರ ಸರಕು ಮಾರಾಟ ಕಾಯ್ದೆಯ 64ನೇ ಕಲಂ ಪೂರ್ತಿ ಏಲಂ ಬಗ್ಗೆಯೇ ಇರುವುದು. ಮಾರುವವರು ಮೊದಲೇ ಸಾರಿ ಹೇಳದೆ ತಾವೇ ಕೂಗಿದರೆ, ಅಥವಾ ತಮ್ಮ ಜನರಿಂದ ಕೂಗಿಸಿದರೆ, ಕೊಂಡವರು ಅದನ್ನು ಮೋಸ ಅನ್ನಬಹುದು. ರೇಟು ಏರಿಸಲಿಕ್ಕೆ ಸುಳ್ಳು ಕೂಗು ಹಾಕಿಸಿದ್ದು ಗೊತ್ತಾದರೆ ವ್ಯಾಪಾರವನ್ನೇ ರದ್ದು ಮಾಡಬಹುದು. ಅದಕ್ಕೆ ಬದಲು ಕನಿಷ್ಠ ಬೆಲೆ ಇಡಿ, ಅದಕ್ಕೆ ಕಾನೂನಿನಲ್ಲೇ ಜಾಗ ಇದೆ.

ಇನ್ನೊಂದು, ಸುತ್ತಿಗೆ ಬೀಳುವವರೆಗೆ ಕೂಗಿದವರು ತಮ್ಮ ಕೂಗು ವಾಪಸ್ ತಗೊಳ್ಳಬಹುದು. ಬಿದ್ದ ಮೇಲೆ ವ್ಯಾಪಾರ ಮುಗಿಯಿತು. ಸುತ್ತಿಗೆಯೇ ಆಗಬೇಕು ಅಂತ ಇಲ್ಲ, ರೂಢಿಯಲ್ಲಿರುವ ಬೇರೆ ಯಾವ ಗುರುತೂ ಆಗುತ್ತದೆ. ಮತ್ತೆ ನೀವೆಲ್ಲ 18 ಆಗದವರು. ಕರಾರು ನಿಮ್ಮ ಹೆಸರಲ್ಲಿ ನಿಲ್ಲುವುದಿಲ್ಲ. ಮಾರುವವರು ವಾಚನಾಲಯದ ಸಮಿತಿ ಅಂತ ಇರಲಿ, ರಶೀದಿಗೆ ಕಾರ್ಯದರ್ಶಿ ಸಹಿ ಹಾಕಲಿ.

ಪೆರ್ಲದ ಮುಟ್ಟಾಳೆ
ಹಾಗಾದ್ರೆ ನಮ್ಮ ಉತ್ಸವಗಳ ಅರ್ಧ ಏಲಂ ರದ್ದು ಆದೀತು ಗುಮಾಸ್ತರೇ 😀

ಶಾರ್ಜಾದ ಮೊಗ್ರಾಲಿನವ
ಗಲ್ಫಿನವರ ಸುದ್ದಿ ಬಂತಲ್ಲ, ಬಂದೆ. ನಮ್ಮನ್ನೂ ಕೂಗಲಿಕ್ಕೆ ಬಿಡಿ ಮಾರಾಯ್ರೆ. ಚಿತ್ರಗಳ ಫೋಟೋ ಎರಡು ದಿನ ಮೊದಲೇ ವಾಟ್ಸಾಪ್‌ಗೆ ಹಾಕಿ, ನಂಬರು ಸಮೇತ. ಶನಿವಾರ ಇಟ್ಟರೆ ಒಳ್ಳೆಯದು. ಅಲ್ಲಿ ನಾಲ್ಕು ಗಂಟೆ ಅಂದ್ರೆ ಇಲ್ಲಿ ಎರಡೂವರೆ, ಊಟ ಮುಗಿಸಿ ಕೂತಿರುತ್ತೇವೆ. ಒಬ್ಬ ಹುಡುಗ ನಮ್ಮ ಪರವಾಗಿ ಫೋನ್ ಹಿಡಿದು ನಿಂತರೆ ಸಾಕು.

ಲೆಕ್ಕದ ಅಕ್ಕ
ಹೊರದೇಶದ ದುಡ್ಡು ಅಂದ್ರೆ ಒಂದು ಎಚ್ಚರ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಅಲ್ಲ. ಬೇರೆ ದೇಶದ ಪೌರತ್ವ ತಗೊಂಡವರದ್ದು ಬೇರೆ ಲೆಕ್ಕ. ಅವರ ದುಡ್ಡು ಸುಮ್ನೆ ತಗೊಳ್ಳಬೇಡಿ. ಮೊಗ್ರಾಲಿನ ತಮ್ಮ, ನೀನು ಎನ್‌ಆರ್‌ಒ ಖಾತೆಯಿಂದ (ಹೊರದೇಶದಲ್ಲಿರುವವರು ಇಲ್ಲಿನ ಬ್ಯಾಂಕಿನಲ್ಲಿ ಇಡುವ ರೂಪಾಯಿ ಖಾತೆ) ಹಾಕು.

ಈಗ ನಿಜವಾದ ಮಾತಿಗೆ ಬರುತ್ತೇನೆ. ಯಾರದೋ ಒಬ್ಬರ ಜಿಪೇ ಕ್ಯೂಆರ್ ಅಂಟಿಸಬೇಡಿ. ನಾವು ಹಿಂದೆ ಒಂದು ಚಿಕಿತ್ಸಾ ನಿಧಿಗೆ ಹಾಗೆ ಮಾಡಿದ್ದೆವು. ಆ ಹುಡುಗ ಅಪ್ಪಟ ಪ್ರಾಮಾಣಿಕ. ಆದರೆ ಅವನ ಸಂಬಳ, ಅಮ್ಮನ ಹಾಲಿನ ದುಡ್ಡು, ನಿಧಿಯ ದುಡ್ಡು ಎಲ್ಲ ಒಂದೇ ಖಾತೆಗೆ ಬಂದು, ಮೂರು ರಾತ್ರಿ ಕೂತು ಬೇರೆ ಮಾಡಿದೆವು. ಊರಿನಲ್ಲಿ ಮಾತು ಹುಟ್ಟಿಯೇ ಬಿಟ್ಟಿತು. ವಾಚನಾಲಯದ ಖಾತೆಯ ಕ್ಯೂಆರ್ ಹಾಕಿ. ನಗದಿಗೆ ಕಾರ್ಬನ್ ಹಾಕಿದ ರಶೀದಿ ಪುಸ್ತಕ. ಅವತ್ತೇ ಸಂಜೆ ಮೊತ್ತ ಬೋರ್ಡಿನಲ್ಲಿ ಬರೆಯಿರಿ.

‘80ಜಿ ರಶೀದಿ ಕೊಡ್ತೀರಾ’ ಅಂತ, ಅಂದ್ರೆ ದೇಣಿಗೆಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗುವ ರಶೀದಿ, ಯಾರಾದರೂ ಕೇಳಿಯೇ ಕೇಳುತ್ತಾರೆ. ಚಿತ್ರ ಕೊಂಡದ್ದು ದೇಣಿಗೆ ಅಲ್ಲ, ಖರೀದಿ. ಇಲ್ಲ ಅಂತ ನಗುತ್ತಾ ಹೇಳಿ.

ಅಂದ ಹಾಗೆ, ಕಾನ್ಸಂಟ್ರೇಟರ್ ಬೇಕು ಅಂತ ಘಟಕದವರೇ ಹೇಳಿದ್ದಾ?

ಬಣ್ಣದ ಡಬ್ಬಿ
ಕೇಳಿಲ್ಲ ಅಕ್ಕ. ಸರ್‌ಪ್ರೈಸ್ ಕೊಡೋಣ ಅಂತ ಇದ್ದೆವು.

ಲೆಕ್ಕದ ಅಕ್ಕ
ಮೊದಲು ಕೇಳು.

ಹಾಳೆತಟ್ಟೆ
ಚಿತ್ರಕ್ಕೆ ಕ್ಯಾನ್ವಾಸ್, ಫ್ರೇಮ್ ಅಂತ ದುಡ್ಡು ಹಾಕಬೇಡಿ. ಫ್ರೇಮಿನ ಖರ್ಚೇ ಚಿತ್ರಕ್ಕಿಂತ ಜಾಸ್ತಿ ಆಗುತ್ತದೆ. ಕಾಗದದ ಚಿತ್ರಕ್ಕೆ ಮೌಂಟ್ ಬೋರ್ಡ್ ಹಾಕಿ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟರೆ ಸಾಕು. ಕೆಲವು ಚಿತ್ರ ಅಡಿಕೆ ಹಾಳೆಯ ಮೇಲೆ ಮಾಡಿ. ನಮ್ಮೂರಿನದ್ದು ಅಂತ ಕಂಡ ಕೂಡಲೇ ಗೊತ್ತಾಗಬೇಕು.

ಮಾಡುವ ಕ್ರಮ: ಆಗಷ್ಟೇ ಬಿದ್ದ ಹಾಳೆ ಆರಿಸಿ, ಮಳೆಗೆ ನೆನೆದು ಕಪ್ಪಾದದ್ದು ಬೇಡ. ಅರ್ಧ ದಿನ ನೀರಿನಲ್ಲಿ ಹಾಕಿ. ಮೆತ್ತಗಾದ ಮೇಲೆ ಬದಿ ಕತ್ತರಿಸಿ, ಎರಡು ಹಲಗೆಯ ನಡುವೆ ಇಟ್ಟು ಮೇಲೆ ಅರೆಯುವ ಕಲ್ಲು ಹೇರಿ. ಮೂರು ನಾಲ್ಕು ದಿನ ನೆರಳಿನಲ್ಲಿ ಒಣಗಬೇಕು. ಒಳಮೈ ನುಣ್ಣಗೆ, ಬಿಳಿಚಿಕೊಂಡಿರುತ್ತದೆ. ಅದರ ಮೇಲೆ ಒಂದು ಕೋಟು ಪ್ರೈಮರ್ ಬಳಿದು ಅಕ್ರಿಲಿಕ್ ಹಾಕಿ. ಹಾಳೆಯ ಗೆರೆಗಳನ್ನು ಪೂರ್ತಿ ಮುಚ್ಚಬೇಡಿ. ಮಳೆ ಬಿಡಿಸುವುದಾದ್ರೆ ಆ ಗೆರೆಗಳೇ ಮಳೆ. ಬಿಸಿಲಿಗೆ ಮಾತ್ರ ಇಡಬೇಡಿ, ದೋಣಿ ಆಗುತ್ತದೆ.

ಮುಳ್ಳೇರಿಯ ಬಸ್ಸು
ಇದು ಸೂಪರ್. ಭೂತದ ಮುಖ ಬಿಡಿಸಿ ಹಾಳೆಯಲ್ಲಿ, ಬಣ್ಣ ಎದ್ದು ಬರ್ತದೆ.

ಪೆರ್ಲದ ಮುಟ್ಟಾಳೆ
ಬೇಡ. ಇದು ತಮಾಷೆ ಅಲ್ಲ. ದೈವದ ಮುಖವನ್ನು ‘ಒಂದು ಸಾರಿ, ಎರಡು ಸಾರಿ’ ಅಂತ ಏಲಂ ಕೂಗುವುದು ನನಗೆ ಸರಿ ಕಾಣುವುದಿಲ್ಲ. ಯಾರ ಮನೆಯ ಯಾವ ಗೋಡೆಗೆ ಹೋಗ್ತದೋ.

ಮುಳ್ಳೇರಿಯ ಬಸ್ಸು
ಮುಖದ ಬಣ್ಣಗಾರಿಕೆ ಅದೂ ಕಲೆಯೇ ಅಲ್ವಾ ಅಣ್ಣ? ತೆಯ್ಯದ ಮುಖದ ಬರವಣಿಗೆ ನೋಡಿಯೇ ಎಷ್ಟು ಜನ ಚಿತ್ರ ಕಲಿತಿದ್ದಾರೆ.

ಡ್ರಾಯಿಂಗ್ ಮಾಷ್ಟ್ರು
ಇಬ್ಬರದ್ದೂ ಸರಿ ಅಂತ ಹೇಳಿ ಜಾರಿಕೊಳ್ಳುವುದಿಲ್ಲ. ಬಿಡಿಸುವುದಕ್ಕೆ ನನ್ನ ಅಡ್ಡಿ ಇಲ್ಲ. ಏಲಂಗೆ ಬೇಡ. ಹದಿನೈದು ವರ್ಷದ ಮಗುವನ್ನು ಆ ಜಗಳದ ನಡುವೆ ನಿಲ್ಲಿಸುವುದು ಯಾಕೆ? ಯಕ್ಷಗಾನದ ವೇಷ ಬಿಡಿಸಲಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ಇಲ್ಲೇ ಕುಂಬಳೆ. ಅನಂತಪುರದ ಕೆರೆ ಉಂಟು, ಬಸ್ ಸ್ಟ್ಯಾಂಡ್ ಉಂಟು, ಅಡಿಕೆ ಸುಲಿಯುವ ಅಜ್ಜಿಯಂದಿರು ಇದ್ದಾರೆ. ಮಲಂಪುಳದ ಯಕ್ಷಿಯ ಶಿಲ್ಪ ಮಾಡಿದ ಕಾನಾಯಿ ಕುಂಞಿರಾಮನ್ ನಮ್ಮ ಜಿಲ್ಲೆಯವರೇ. ಅವರ ಫೋಟೋ ಒಂದು ಹೊರಗೆ ಹಾಕಿ ಬೇಕಾದರೆ. ಕಾಸರಗೋಡಿನವರಿಗೂ ಕಲೆ ಗೊತ್ತು ಅಂತ ಬಂದವರು ನೋಡಲಿ.

ಪೆರ್ಲದ ಮುಟ್ಟಾಳೆ
ಸರಿ. ಹಾಗಾದ್ರೆ ನನ್ನದೂ ಒಂದು ಇರಲಿ. ಕೂಗುವ ಏಲಂ ಸುರು ಮಾಡುವಾಗ ಮೊದಲು ಒಂದು ಕದಳಿ ಗೊನೆ ಇಡಿ. ನಾನೇ ಕೊಡ್ತೇನೆ. ಗೊನೆಗೆ ಬಾಯಿ ತೆರೆದವನು ಚಿತ್ರ ಬರುವಾಗ ಮುಚ್ಚಿಕೊಳ್ಳುವುದಿಲ್ಲ.

ಕುಂಬಳೆ ಟೀಚರ್
ಇದು ಮಾತ್ರ ಇಷ್ಟು ಹೊತ್ತಿನಲ್ಲಿ ಬಂದ ಒಳ್ಳೆಯ ಸಲಹೆ 😀 ಅಂದ ಹಾಗೆ ಅವತ್ತು ಹತ್ತಿರದಲ್ಲಿ ಯಕ್ಷಗಾನದ ಆಟ, ದೈವದ ಕೋಲ ಏನಾದರೂ ಉಂಟಾ ನೋಡಿಕೊಳ್ಳಿ. ಮೈಕ್‌ಗೆ ಠಾಣೆಯ ಅನುಮತಿ ಬೇಕು.

ಬಣ್ಣದ ಡಬ್ಬಿ
(ಐದು ವಾರ ಆದ ಮೇಲೆ)
ಆಯಿತು! ಮೊನ್ನೆ ಶನಿವಾರ ಮುಗಿಯಿತು. ಉದ್ದ ಬರೆಯುತ್ತೇನೆ, ಬೈಯಬೇಡಿ.

42 ಚಿತ್ರ. 36 ಚೀಟಿಯಲ್ಲಿ, 6 ಕೂಗಿ. ಬೇಕಲ ಕೋಟೆ ಮೂರಕ್ಕೆ ನಿಲ್ಲಿಸಿದೆವು. ಚೀಟಿಯ ಚಿತ್ರಕ್ಕೆಲ್ಲ ಕನಿಷ್ಠ 300, ಯಾರದ್ದೇ ಆದರೂ ಒಂದೇ. ಸಣ್ಣ ಮಕ್ಕಳು ಪೋಸ್ಟ್‌ಕಾರ್ಡ್ ಸೈಜಿನದ್ದು ತುಂಬಾ ಮಾಡಿದ್ದರು, ಅದನ್ನು 50 ರೂಪಾಯಿಗೆ ಟೇಬಲ್ ಮೇಲೆ ಇಟ್ಟೆವು. ಏಲಂಗೆ ಬಾಯಿ ಬರದವರೆಲ್ಲ ಅಲ್ಲಿ ಒಂದೊಂದು ತಗೊಂಡರು.

ಮೊದಲ ಅರ್ಧ ಗಂಟೆ ಚೀಟಿಗಳು ಖಾಲಿ. ಜನ ಕೈ ಹಿಂದೆ ಕಟ್ಟಿಕೊಂಡು ನೋಡುತ್ತಾ ಹೋದರು. ನನಗೆ ಅಳುವೇ ಬರುವ ಹಾಗಾಯಿತು. ಆಮೇಲೆ ಕೂಗುವ ಏಲಂಗೆ ಗೊನೆ ಇಟ್ಟೆವು. ಸುತ್ತಿಗೆ ಇರಲಿಲ್ಲ, ತೆಂಗಿನ ಗೆರಟೆಯನ್ನು ಟೇಬಲ್‌ಗೆ ಬಡಿದೆವು. ಗೊನೆ 1,700ಕ್ಕೆ ಹೋಯಿತು. ಕೊಂಡವರು ‘ಇದನ್ನು ಮತ್ತೆ ಏಲಂ ಹಾಕಿ’ ಅಂತ ವಾಪಸ್ ಕೊಟ್ಟರು, ಎರಡನೇ ಸಲ 900. ಅದಾದ ಮೇಲೆ ಒಬ್ಬರು ಎದ್ದು ಹೋಗಿ ಚೀಟಿಯಲ್ಲಿ ಬರೆದರು. ಅವರ ಹಿಂದೆ ಇನ್ನೊಬ್ಬರು. ಬೆಲ್ ಹೊಡೆಯುವಾಗ ಎರಡು ಚಿತ್ರದ ಮುಂದೆ ಕ್ಯೂ ಇತ್ತು, ಪೆನ್ನಿಗೆ ಎಳೆದಾಟ.

ಕೂಗಿದ್ದರಲ್ಲಿ ಜಾಸ್ತಿ ಬಂದದ್ದು ಬಬಿಯಾದ ಚಿತ್ರಕ್ಕೆ. ಅನಂತಪುರದ ಕೆರೆಯ ಮೊಸಳೆ. ಅದು 2022ರಲ್ಲಿ ಸತ್ತಾಗ ನಮ್ಮ ಹುಡುಗ ಪ್ರೈಮರಿಯಲ್ಲಿದ್ದ, ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದನಂತೆ. ನೀರು ಮಾತ್ರ ಬಿಡಿಸಿದ್ದಾನೆ. ಹಸಿರು ನೀರು, ಮೇಲೆ ಎರಡು ಕಣ್ಣು, ಪಕ್ಕದಲ್ಲಿ ಒಂದು ಅನ್ನದ ಉಂಡೆ. 6,000 ಆದಾಗ ಶಾರ್ಜಾದ ಅಣ್ಣನ ಫೋನ್ ಕಟ್ ಆಯಿತು. ಇಲ್ಲಿ ಒಬ್ಬರು ಟೀಚರ್ 6,200 ಅಂದರು. ಒಂದು ಸಾರಿ, ಎರಡು ಸಾರಿ, ಮೂರು ಸಾರಿ, ಗೆರಟೆ ಬಿತ್ತು. ಆಗ ಫೋನ್ ಮತ್ತೆ ಬಂತು. ‘ನಾನು ಏಳು ಸಾವಿರ ಹೇಳ್ತಾ ಇದ್ದೆ!’ ಗುಮಾಸ್ತ ಅಂಕಲ್ ಹೇಳಿದ್ದು ನೆನಪಿತ್ತು. ಬಿದ್ದದ್ದು ಬಿತ್ತು ಅಂದೆವು.

ಶಾರ್ಜಾದ ಮೊಗ್ರಾಲಿನವ
ನನಗೆ ಇನ್ನೂ ಸಿಟ್ಟು ಉಂಟು. ಇನ್ನೊಂದು ಬಿಡಿಸಿ ಕೊಡು ಅಂತ ಆ ಹುಡುಗನಿಗೆ ಹೇಳಿದ್ರೆ ‘ಪರೀಕ್ಷೆ ಉಂಟು’ ಅಂತಾನೆ.

ಡ್ರಾಯಿಂಗ್ ಮಾಷ್ಟ್ರು
ಚೀಟಿಯಲ್ಲಿ ಯಾರೂ ಬರೆಯದ ಚಿತ್ರ ಎಷ್ಟು ಉಳಿಯಿತು? ಅದನ್ನು ಏನು ಮಾಡಿದಿರಿ?

ಬಣ್ಣದ ಡಬ್ಬಿ
ಮೂರು, ಮಾಷ್ಟ್ರೇ. ಅದರಲ್ಲಿ ಒಂದು ನನ್ನದೇ. ಎಲ್ಲ ಚಿತ್ರ ಒಟ್ಟಿಗೆ ಇಳಿಸಿ ಒಳಗೆ ತಗೊಂಡು ಹೋಗಿ ಅಲ್ಲಿಂದ ಕೊಟ್ಟೆವು. ಹಾಗಾಗಿ ಯಾವುದು ಉಳಿಯಿತು ಅಂತ ಹೊರಗೆ ಯಾರಿಗೂ ಗೊತ್ತಾಗಲಿಲ್ಲ. ಈಗ ನಾನೇ ಹೇಳಿಬಿಟ್ಟೆ.

ಲೆಕ್ಕ: ಚೀಟಿ 21,450. ಕೂಗಿದ್ದು 16,800. ಗೊನೆ 2,600. ಪೋಸ್ಟ್‌ಕಾರ್ಡ್ 64 ಹೋಯಿತು, 3,200. ಒಟ್ಟು 44,050. ಖರ್ಚು: ಮೌಂಟ್ ಬೋರ್ಡ್ 2,340, ಪ್ರಿಂಟ್ 760, ಮೈಕ್ 1,200, ಚಹಾ ಮತ್ತು ಗೋಳಿಬಜೆ 1,080. ಉಳಿದದ್ದು 38,670. ಅದರಲ್ಲಿ ಇಬ್ಬರಿಂದ 1,900 ಇನ್ನೂ ಬರಬೇಕು.

ಲೆಕ್ಕದ ಅಕ್ಕ
ಕೂಡಿಸಿ ನೋಡಿದೆ, ಸರಿ ಇದೆ. ಶಾಭಾಸ್. ಆದರೆ 48,000ಕ್ಕೆ ಇದು ಸಾಲದಲ್ಲ?

ಬಣ್ಣದ ಡಬ್ಬಿ
ಅಕ್ಕ, ನೀವು ಹೇಳಿದ ಮೇಲೆ ನರ್ಸಕ್ಕನ ಹತ್ತಿರ ಕೇಳಿದ್ದೆ. ಅವರು ನಕ್ಕರು. ‘ಮಿಷನ್ ಎರಡು ಉಂಟು ಮಗಾ, ಒಂದು ಹಾಳಾಗಿ ಮೂಲೆಯಲ್ಲಿ ಕೂತಿದೆ. ನನಗೆ ಸಾಲದಿರುವುದು ಏರ್ ಬೆಡ್’ ಅಂದರು. ಮಲಗಿದಲ್ಲೇ ಇರುವವರಿಗೆ ಬೆನ್ನು ಹುಣ್ಣಾಗದ ಹಾಗೆ ಗಾಳಿ ತುಂಬುವ ಹಾಸಿಗೆ. ಒಂದು ಮನೆಯಿಂದ ವಾಪಸ್ ಬರುವ ಮೊದಲೇ ಇನ್ನೊಂದು ಮನೆಯವರು ಕೇಳುತ್ತಾರಂತೆ. ಪಂಪ್ ಸಮೇತ 2,650ರ ಹಾಗೆ 8 ತಗೊಂಡೆವು. ವೀಲ್‌ಚೇರ್ ಎರಡು, 12,800. ಕೈಯಲ್ಲಿ ಈಗ 2,770 ಇದೆ. ಹಾಳಾದ ಮಿಷನ್ ರಿಪೇರಿಗೆ 4,500 ಕೇಳುತ್ತಾರೆ. ಆ 1,900 ಬಂದರೆ ಅದೂ ಆಗುತ್ತದೆ.

ಮುಳ್ಳೇರಿಯ ಬಸ್ಸು
ಯಾರಪ್ಪ ಆ ಇಬ್ಬರು? ಇಲ್ಲೇ ಹೆಸರು ಹಾಕಿ.

ಬಣ್ಣದ ಡಬ್ಬಿ
ಹೆಸರು ಹಾಕುವುದಿಲ್ಲ ಅಣ್ಣ.

ಪೆರ್ಲದ ಮುಟ್ಟಾಳೆ
ಅದರಲ್ಲಿ ಒಬ್ಬ ನಾನು. 27ನೇ ನಂಬರು, 1,100. ಹಾಳೆಯ ಮೇಲೆ ಮಳೆಯಲ್ಲಿ ಬಸ್ಸು ಬರುವ ಚಿತ್ರ. ನಾನು ಚೀಟಿಯಲ್ಲಿ ಬರೆದು ಚಹಾ ಕುಡಿಯಲಿಕ್ಕೆ ಹೋಗಿದ್ದೆ, ಯಾರೂ ಏರಿಸಲಿಲ್ಲ, ನನಗೇ ಬಿತ್ತು. ಗುರುವಾರ ಅಡಿಕೆ ಕೊಟ್ಟ ಕೂಡಲೇ ತಂದು ಕೊಡ್ತೇನೆ ಮಗಾ. ಕ್ಯಾಲೆಂಡರ್ ತೆಗೆದು ಅಲ್ಲೇ ಹಾಕಿದ್ದೇನೆ. ಆದರೆ ಬೆಳಗ್ಗೆ ಕಿಟಕಿಯ ಬಿಸಿಲು ಬಿದ್ದು ಒಂದು ಬದಿ ಮೇಲೆದ್ದಿದೆ. ಎಂತ ಮಾಡುವುದು?

ಹಾಳೆತಟ್ಟೆ
ಬಣ್ಣದ ಬದಿ ಮುಟ್ಟಬೇಡಿ. ಹಿಂದಿನಿಂದ ಒದ್ದೆ ಬಟ್ಟೆಯಲ್ಲಿ ಒರೆಸಿ, ಮೇಲೆ ಬೆಣ್ಣೆ ಕಾಗದ ಹಾಕಿ, ಎರಡು ದಿನ ಭಾರದ ಅಡಿಯಲ್ಲಿ ಇಡಿ. ಆಮೇಲೆ ಕಿಟಕಿ ಇಲ್ಲದ ಗೋಡೆಗೆ ಹಾಕಿ.